ಚಿತ್ತವಿಕಲತೆಯಲ್ಲಿ ಸಾಮಾಜಿಕ ಗ್ರಹಿಕೆ: ಅದನ್ನು ಅಳೆಯುವ ಬಗೆ

ಸ್ಕಿಜೋಫ್ರೇನಿಯಾ ಅಥವಾ ಚಿತ್ತವಿಕಲತೆ ಎಂದರೆ ಯಾರೂ ಆಡದ ಮಾತು ಕಿವಿಗೆ ಕೇಳಿಸುವುದು, ಕಾರಣವಿಲ್ಲದೆ ಸಂಶಯಪಡುವುದು, ಅಸಂಬದ್ಧವಾಗಿ ಮಾತನಾಡುವುದು ಎಂದಷ್ಟೇ ಬಹುಮಂದಿ ತಿಳಿದಿದ್ದಾರೆ. ಕ್ರಮವಾಗಿ ಔಷಧಿ ಸೇವಿಸಿದಲ್ಲಿ ಅನೇಕರಲ್ಲಿ ಈ ಲಕ್ಷಣಗಳು ಹತೋಟಿಗೆ ಬರುತ್ತವೆ. ಆದರೆ ಇಷ್ಟಾದ ಮೇಲೆ ಕೆಲವು ಮನೆಗಳಲ್ಲಿ ಬೇರೊಂದು ದೂರು ತಲೆದೋರುತ್ತದೆ. “ಇವರಿಗೆ ಕಾಯಿಲೆಯೇನೋ ಇಳಿಯಿತು, ನನ್ನ ಮೇಲೆ ಅಕ್ಕರೆಯೇ ಇಲ್ಲ, ಅತ್ತರೂ ಏಕೆಂದು ಕೇಳುವುದಿಲ್ಲ” ಎಂದು ಹೆಂಡತಿ ನೊಂದುಕೊಳ್ಳುತ್ತಾಳೆ. “ಹೇಳಿದಷ್ಟೇ ಮಾಡುತ್ತಾಳೆ, ಸೂಕ್ಷ್ಮ ತಿಳಿಯುವುದಿಲ್ಲ” ಎಂದು ಗಂಡ ಬೇಸರಪಡುತ್ತಾನೆ. ದಂಪತಿಗಳಾದ ತಾವು ಇದನ್ನು ಅಲಕ್ಷ್ಯವೆಂದೋ ಅಹಂಕಾರವೆಂದೋ ತೀರ್ಮಾನಿಸಿ ತೌರಿಗೆ ಹೊರಡುವ, ಹಿರಿಯರನ್ನು ಕೂಡಿಸುವ ಮೊದಲು ಒಂದು ಸಂಗತಿಯನ್ನು ಅರಿಯುವುದು ಅವಶ್ಯ.

ಎದುರಿಗಿರುವವರ ಮುಖಭಾವ, ದನಿಯ ಏರಿಳಿತ, ಸನ್ನೆ ಇವುಗಳನ್ನು ಗುರುತಿಸುವ ಶಕ್ತಿಗೆ ಸಾಮಾಜಿಕ ಗ್ರಹಿಕೆಯೆಂದು ಹೆಸರು. ಹಾಗೆ ಗುರುತಿಸಿದ್ದರಿಂದ ಅವರ ಮನಸ್ಸಿನಲ್ಲಿರುವುದನ್ನು ಊಹಿಸುವ ಶಕ್ತಿಯೂ ಸೇರಿದಾಗ ಅದು ಸಾಮಾಜಿಕ ಅರಿವು. ಚಿತ್ತವಿಕಲತೆಯುಳ್ಳ ಅನೇಕರಲ್ಲಿ, ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಲ್ಲದಿದ್ದರೂ, ಈ ಶಕ್ತಿಯು ಕುಂದಿರುತ್ತದೆ. ಸಂಶಯ, ಭ್ರಮೆಗಳನ್ನು ತಗ್ಗಿಸುವ ಔಷಧಿಗಳು ಈ ಕೊರತೆಯನ್ನು ಅಷ್ಟಾಗಿ ಸರಿಪಡಿಸಲಾರವು.

ಜ್ವರವನ್ನು ಥರ್ಮಾಮೀಟರು ಅಳೆಯುತ್ತದೆ, ಇದನ್ನು ಅಳೆಯುವುದೆಂತು? ಕಥೆ, ಚಿತ್ರ, ಪ್ರಶ್ನೆಗಳೇ ಇಲ್ಲಿ ಉಪಕರಣಗಳು. 1995ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ‘ಸುಳಿವಿನ ಪರೀಕ್ಷೆ’ಯಲ್ಲಿ 10 ಚಿಕ್ಕ ಕಥೆಗಳಿವೆ. ಪ್ರತಿಯೊಂದರ ಕೊನೆಗೂ ಒಬ್ಬರು ಇನ್ನೊಬ್ಬರಿಗೆ ಸುಳಿವೊಂದನ್ನು ಕೊಡುತ್ತಾರೆ. ನಮ್ಮ ಮನೆಯ ಮಾತಿನಲ್ಲೇ ಹೇಳುವುದಾದರೆ, “ಅಕ್ಕಿ ಡಬ್ಬದ ತಳ ಕಾಣುತ್ತಿದೆ” ಎಂದು ಹೆಂಡತಿ ಅನ್ನುತ್ತಾಳೆ. ಆಕೆಯ ಇಂಗಿತವೇನೆಂದು ಕೇಳಿದಾಗ, ಅಕ್ಕಿ ತರಬೇಕೆಂಬುದು ಎಂದವರಿಗೆ 2 ಅಂಕ. ತಿಳಿಯದಿದ್ದರೆ “ನಾಳೆ ಹೇಗೂ ಸಂತೆಯಿದೆ” ಎಂಬಂತಹ ಇನ್ನೊಂದು ಸುಳಿವನ್ನು ಸೇರಿಸುತ್ತಾರೆ. ಆಗ ತಿಳಿದರೆ 1 ಅಂಕ, ಆಗಲೂ ತಿಳಿಯದಿದ್ದರೆ ಸೊನ್ನೆ. ಒಟ್ಟು 20 ಅಂಕ. ಚಿತ್ತವಿಕಲತೆಯುಳ್ಳವರು ಇದರಲ್ಲಿ ಸರಾಸರಿಯಾಗಿ ಕಡಿಮೆ ಅಂಕ ಪಡೆಯುತ್ತಾರೆ. ಡಬ್ಬದ ತಳ ಅವರಿಗೂ ಕಾಣುತ್ತದೆ. ಮಾತಿನ ಒಳಗಿನ ಕೋರಿಕೆ ಮಾತ್ರ ಮುಟ್ಟುವುದಿಲ್ಲ. ನಮ್ಮ ಸಂಸಾರಗಳಲ್ಲಿ ಅರ್ಧಕ್ಕರ್ಧ ಮಾತು ಸುಳಿವಿನಲ್ಲಿಯೇ ನಡೆಯುವುದರಿಂದ ಈ ಕೊರತೆಯ ಪೆಟ್ಟು ಮೊದಲು ಬೀಳುವುದು ದಾಂಪತ್ಯದ ಮೇಲೆಯೇ.

ಮುಖಭಾವದ ಪರೀಕ್ಷೆಗೆ ಪರದೇಶದವರ ಚಿತ್ರಗಳು ನಮ್ಮವರಿಗೆ ಅಷ್ಟಾಗಿ ಹೊಂದವು. ಆದುದರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಭಾರತೀಯ ನಟನಟಿಯರಿಂದಲೇ ಸಂತೋಷ, ದುಃಖ, ಭಯ, ಕೋಪ, ಆಶ್ಚರ್ಯ, ಜಿಗುಪ್ಸೆಗಳನ್ನು ಅಭಿನಯಿಸಿಸಿ, ಸ್ಥಿರಚಿತ್ರ ಮತ್ತು ಚಲನಚಿತ್ರಗಳ ಸಾಧನವೊಂದನ್ನು 2008ರಲ್ಲಿ ಪ್ರಕಟಿಸಿದರು. 2011ರಲ್ಲಿ ‘ಸೋಕ್ರಾಟಿಸ್’ ಎಂಬ ಪರೀಕ್ಷಾಮಾಲೆಯೂ ಅಲ್ಲಿಂದಲೇ ಬಂದಿತು. ಅಹಿತವೊಂದು ನಡೆದಾಗ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವರೋ, ಇತರರ ಮೇಲೆ ಹೊರಿಸುವರೋ, ಸಂದರ್ಭವೇ ಕಾರಣವೆನ್ನುವರೋ ಎಂಬುದನ್ನೂ ಅದು ಪರಿಶೀಲಿಸುತ್ತದೆ.

ಅದೇ 2011ರಲ್ಲಿ ಪ್ರಕಟವಾದ, 52 ಅಧ್ಯಯನಗಳ ಒಟ್ಟು ವಿಶ್ಲೇಷಣೆಯೊಂದರ ಪ್ರಕಾರ, ರೋಗಿಯು ಸಮಾಜದಲ್ಲಿ ಹೇಗೆ ಬಾಳುತ್ತಾನೆಂಬುದರೊಡನೆ ಜ್ಞಾಪಕಶಕ್ತಿ ಮೊದಲಾದವುಗಳಿಗಿಂತ ಸಾಮಾಜಿಕ ಅರಿವಿಗೆ ಹೆಚ್ಚಿನ ಸಂಬಂಧವಿದೆ. ತರಬೇತಿಯಿಂದ, ವಿಶೇಷವಾಗಿ ಮುಖಭಾವ ಗುರುತಿಸುವುದರಲ್ಲಿ, ಸುಧಾರಣೆಯೂ ಸಾಧ್ಯ.

ಈ ಪರೀಕ್ಷೆಗಳು ಕಾಯಿಲೆ ಇದೆಯೇ ಇಲ್ಲವೇ ಎಂದು ನಿರ್ಧರಿಸುವುದಕ್ಕಲ್ಲ. ಮನೆಯಲ್ಲಿ “ನನ್ನ ಮುಖ ನೋಡಿ ಹೇಳಿ” ಎಂದು ಪರೀಕ್ಷಿಸಿ ಹಂಗಿಸುವುದಂತೂ ಸರ್ವಥಾ ಕೂಡದು. ಅದರ ಬದಲು ಸುಳಿವನ್ನು ಬಿಟ್ಟು ಬಿಡಿಸಿ ಹೇಳಿರಿ: “ನನಗೆ ದುಃಖವಾಗಿದೆ, ಸ್ವಲ್ಪ ಹೊತ್ತು ಹತ್ತಿರ ಕುಳಿತುಕೊಳ್ಳಿ”, “ನಾಳೆ ಸಂತೆಯಿಂದ ಐದು ಸೇರು ಅಕ್ಕಿ ತನ್ನಿ”. ಬಾಯಿಬಿಟ್ಟು ಕೇಳಿ ಪಡೆದ ಅಕ್ಕರೆ ಅಕ್ಕರೆಯೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಕಾಯಿಲೆಯಿರುವ ಮನೆಯಲ್ಲಿ ಅದನ್ನು ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಕೆಲವು ಔಷಧಿಗಳಿಂದ ರೋಗಿಯ ಮುಖವೇ ಬಿಗಿದುಕೊಂಡು, ಒಳಗೆ ಪ್ರೀತಿಯಿದ್ದರೂ ಹೊರಗೆ ಕಾಣದೆ ಹೋಗಬಹುದು. ಮುಖದ ಬಿಗಿತ, ಕೈನಡುಕ, ನಿಧಾನ ನಡಿಗೆ ಕಂಡುಬಂದಲ್ಲಿ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ. ದೂರದ ಹಳ್ಳಿಯವರು ‘ಟೆಲಿ-ಮಾನಸ್’ ಸಹಾಯವಾಣಿಗೆ, ಅಂದರೆ 14416 ಸಂಖ್ಯೆಗೆ, ಹಗಲುರಾತ್ರಿಯೆನ್ನದೆ ಉಚಿತವಾಗಿ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.