ಕೋಳಿಮರಿಯ ಹಾಸಿಗೆ ಒಣಗಿರಲಿ



ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಬಹಳ ಮಂದಿ ಮನೆಯಲ್ಲಿ ಕೋಳಿ ಸಾಕುತ್ತಾರೆ. ತತ್ತಿ ಮಾರಿದ ರೊಕ್ಕ ಅವ್ವನ ಕೈಯಾಗ ಇರತೈತಿ. ನಮ್ಮ ಪೆನ್ನು, ನೋಟ್‌ಬುಕ್ ಎಷ್ಟೋ ಸಲ ಅದರಿಂದಲೇ ಬರುತ್ತವೆ. ಆದರೆ ಸಣ್ಣ ಮರಿಗಳು ಮೊದಲ ಎರಡು ವಾರದಾಗ ಸತ್ತರೆ ಆ ರೊಕ್ಕವೂ ಹೋಯಿತು. ಆಗ ಕೆಲವರು "ದೃಷ್ಟಿ ಆಗೇತಿ" ಅಂತಾರ. ಬಹಳ ಸಲ ಕಾರಣ ಮರಿಗಳ ಕಾಲ ಕೆಳಗೇ ಇರುತ್ತದೆ. ಅದು ಹಸಿ ನೆಲ.

ಹಸಿ ಯಾಕೆ ಕೆಟ್ಟದ್ದು?

ತತ್ತಿಯಿಂದ ಮರಿ ಹೊರಬರಲು 21 ದಿನ ಬೇಕು. ಮನೆಯ ಮರಿಗೆ ತಾಯಿಕೋಳಿಯ ರೆಕ್ಕೆಯ ಕಾವು ಸಿಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜದಂಥ ತಳಿಯ ಮರಿಗಳನ್ನು ಹೊರಗಿನಿಂದ ತಂದರೆ ತಾಯಿ ಇರುವುದಿಲ್ಲ. ಅವಕ್ಕೆ ನಾವೇ ಕಾವು ಕೊಡುವ ಗೂಡು ಮಾಡಬೇಕು. ಇದಕ್ಕೆ ಬ್ರೂಡರ್ ಎನ್ನುತ್ತಾರೆ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡತೈತಿ, ಬೇಕಾದಷ್ಟು ಕಾವು ಕೊಡೂದಿಲ್ಲ. ಹಳೆಯ ತಂತಿಯ ಬಲ್ಬೇ ಬೇಕು.

ಒದ್ದೆ ಅರಿವೆಯಲ್ಲಿ ನಿಂತರೆ ನಮಗೆ ಚಳಿ ಆಗುತ್ತದಲ್ಲವೇ? ನೀರು ಆವಿಯಾಗುವಾಗ ಮೈಯ ಕಾವನ್ನು ತೆಗೆದುಕೊಂಡು ಹೋಗುತ್ತದೆ. ಮರಿಗೂ ಹಾಗೆಯೇ. ಅದಕ್ಕೇ ಮರಿಗೆ ಸ್ನಾನ ಮಾಡಿಸಬಾರದು.

ಹಸಿಯಿಂದ ರಕ್ತಭೇದಿ ರೋಗವೂ ಬರುತ್ತದೆ. ಇದರ ಹೆಸರು ಕಾಕ್ಸಿಡಿಯೋಸಿಸ್. ರೋಗದ ಜೀವಿಯ ಕಣ್ಣಿಗೆ ಕಾಣದ ತತ್ತಿಗಳು ಹಿಕ್ಕಿಯಲ್ಲಿ ಹೊರಬಿದ್ದು, ಹಸಿ ಮತ್ತು ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನದಾಗ ಬಲಿಯುತ್ತವೆ. ಹಿಕ್ಕಿಯಲ್ಲಿ ರಕ್ತ ಕಂಡರೆ ತಡ ಮಾಡದೆ ದನದ ದವಾಖಾನಿಗೆ ಹೋಗಿ ಹೇಳಬೇಕು.

ಯಾವ ಹಾಸಿಗೆ ಒಳ್ಳೆಯದು?

1. ಭತ್ತದ ಹೊಟ್ಟು: ಕಲಘಟಗಿ ಕಡೆ ಭತ್ತ ಬೆಳೆಯುವುದರಿಂದ ರೈಸ್ ಮಿಲ್ಲಿನಲ್ಲಿ ಸಿಗುತ್ತದೆ. ಹಗುರ, ಬೇಗ ಒಣಗುತ್ತದೆ.
2. ಬಡಿಗೇರ ಅಂಗಡಿಯ ಕಟ್ಟಿಗೆ ಹೆರೆದ ಸುರುಳಿ: ಹಸಿಯನ್ನು ಚಲೋ ಹೀರುತ್ತದೆ. ಹಿಟ್ಟಿನಂಥ ಸಣ್ಣ ಪುಡಿ ಬ್ಯಾಡ. ಮರಿ ಅದನ್ನು ತಿನ್ನುತ್ತದೆ, ಧೂಳು ಉಸಿರಿಗೆ ಹೋಗುತ್ತದೆ. ಬಣ್ಣ, ಔಷಧ ಹಚ್ಚಿದ ಕಟ್ಟಿಗೆಯದೂ ಬ್ಯಾಡ.
3. ಶೇಂಗಾ ಸಿಪ್ಪಿ: ಒಣಗಿಸಿ, ಸಣ್ಣಗೆ ಮುರಿದು ಹಾಕಬೇಕು. ಬೂಸ್ಟು ಹಿಡಿದದ್ದನ್ನು ಹಾಕಿದರೆ ಮರಿಯ ಪುಪ್ಪಸಕ್ಕೆ ರೋಗ ಬರುತ್ತದೆ.
4. ಬರೇ ಪೇಪರ್: ನುಣುಪಾಗಿರುವುದರಿಂದ ಮರಿ ಜಾರಿ ಕಾಲು ಅಗಲ ಆಗುತ್ತವೆ. ಪೇಪರ್ ಒಂದನ್ನೇ ಹಾಸಬಾರದು.

ನಮ್ಮ ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ನೇರವಾಗಿ ಮರಿ ಬಿಡಬಾರದು. ನೆಲ ಎತ್ತರ ಮಾಡಿ, ಒಣಗಿಸಿ, 2 ಇಂಚು ದಪ್ಪ ಹೊಟ್ಟು ಹಾಕಬೇಕು.

ಮುಷ್ಟಿ ಪರೀಕ್ಷೆ

ಒಂದು ಹಿಡಿ ಹೊಟ್ಟು ಒತ್ತಿ ಹಿಡಿದು ಕೈ ಬಿಡ್ರಿ. ಉದುರಿದರೆ ಚಲೋ. ಉಂಡಿಯಾಗಿ ಉಳಿದರೆ ಹಸಿ ಬಹಳ ಐತಿ. ಮೂಗಿಗೆ ಘಾಟು ಹೊಡೆದರೂ ಹಸಿ ಹೊಟ್ಟು ತೆಗೆದು ಒಣಾದ್ದು ಹಾಕಬೇಕು, ಗಾಳಿ ಆಡುವಂತೆ ಮಾಡಬೇಕು. ಹಸಿ ಹೆಚ್ಚಾಗಿ ಆಗುವುದು ನೀರಿನ ತಟ್ಟೆಯ ಸುತ್ತ. ಆಳವಿಲ್ಲದ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿ ಇಟ್ಟರೆ ಮರಿ ನೀರಿನಾಗ ಇಳಿಯೂದಿಲ್ಲ.

ಮರಿಯ ಸ್ವಚ್ಛತೆ

ಕೆಲವು ಮರಿಗಳ ಹಿಂಭಾಗಕ್ಕೆ ಹಿಕ್ಕಿ ಅಂಟಿ ಗಟ್ಟಿಯಾಗುತ್ತದೆ. ದಾರಿ ಮುಚ್ಚಿದರೆ ಮರಿ ಸಾಯುತ್ತದೆ. ಕೈಯಿಂದ ಕೀಳಬಾರದು, ಚರ್ಮ ಹರಿಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಅರಿವೆಯಿಂದ ನೆನೆಸಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿಸಿ ಕಾವಿಗೆ ಬಿಡಬೇಕು. ಹೊಟ್ಟೆಯ ಕೆಳಗಿನ ಹೊಕ್ಕಳವನ್ನು ಮಾತ್ರ ಮುಟ್ಟಬಾರದು. ಮರಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಲೇಬೇಕು.

ತೆಗೆದ ಹೊಟ್ಟನ್ನು ತಿಪ್ಪಿಗೆ ಹಾಕಿ ಕೊಳೆಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ.

ಉತ್ತರ ಹೇಳಿರಿ

ಅ) ಮರಿಗಳೆಲ್ಲ ಬಲ್ಬಿನ ಕೆಳಗೆ ಗುಂಪಾಗಿ ನಿಂತರೆ ಏನರ್ಥ?
ಆ) ಬಾಯಿ ತೆರೆದು ದೂರ ಓಡಿದರೆ?
(ಉತ್ತರ: ಅ. ಚಳಿ ಆಗೇತಿ. ಆ. ಕಾವು ಹೆಚ್ಚಾಗೇತಿ.)

ಇಂದು ಸಂಜೆ ಮನೆಗೆ ಹೋದ ಕೂಡಲೇ ನಿಮ್ಮ ಗೂಡಿನ ಹೊಟ್ಟನ್ನು ಒಂದು ಹಿಡಿ ಒತ್ತಿ ನೋಡ್ರಿ.

– 7ನೆಯ ತರಗತಿಯ ವಿದ್ಯಾರ್ಥಿನಿ