ಗಾಳಿಗೆ ಬೇಕಾದಷ್ಟೇ ಕಟ್ಟಡ

ಆರ್ಕಿಟೆಕ್ಟ್ ಕಳಿಸಿದ ರೆವಿಟ್ ಮಾಡೆಲನ್ನು ಎಸ್‌ಟಿಎಲ್ ಮಾಡಿಕೊಂಡು, ಹಾಗೇ ಗಾಳಿಯ ಲೆಕ್ಕದ ತಂತ್ರಾಂಶ ಓಪನ್‌ಫೋಮ್‌ನಲ್ಲಿ ಜಾಗವನ್ನು ಸೆಲ್‌ಗಳಾಗಿ ಒಡೆದು ಮೆಶ್ ಕಟ್ಟುವ ಸ್ನ್ಯಾಪಿಹೆಕ್ಸ್‌ಮೆಶ್‌ಗೆ ಸುರಿದು, ರಾತ್ರಿಯಿಡೀ ಓಡಲಿ ಎಂದು ಬಿಟ್ಟು ಮನೆಗೆ ಹೋಗುವ ಆಸೆ ನಿನಗೂ ಆಗುತ್ತದೆ. ಬೇಡ. ಆ ಮಾಡೆಲ್ ಇರುವುದು ಕಟ್ಟುವವರಿಗಾಗಿ. ಅದರಲ್ಲಿ ಬಾಗಿಲಿನ ಹಿಡಿಯಿದೆ, ಕಿಟಕಿಯ ಕಂಬಿಯಿದೆ, ಗೋಡೆಯೊಳಗಿನ ಪೈಪೂ ಇದೆ. ಬೀದಿಯಲ್ಲಿ ಬೀಸುವ ಗಾಳಿ ಇವನ್ನೆಲ್ಲ ಕೇಳುವುದಿಲ್ಲ.

ಮೊದಲು ನಿನ್ನ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೋ. ಕಟ್ಟಡದ ಬುಡದಲ್ಲಿ ನಡೆದುಹೋಗುವವರಿಗೆ ಗಾಳಿ ಎಷ್ಟು ಜೋರಾಗಿ ತಾಗುತ್ತದೆ ಎಂಬುದು ಪ್ರಶ್ನೆಯಾದರೆ ಬಾಲ್ಕನಿಯ ಸರಳುಗಳನ್ನು ಕಿತ್ತುಹಾಕು. ಪಕ್ಕದ ಕಟ್ಟಡಗಳನ್ನು ಮುಟ್ಟಬೇಡ. ಕೋಣೆಯೊಳಗೆ ಗಾಳಿ ಹೇಗೆ ಹಾಯುತ್ತದೆ ಎಂಬುದಾದರೆ ಕಿಟಕಿಯ ತೆರಪೂ ಅದರ ಮೇಲಿನ ಸಜ್ಜೆಯ ಚಾಚೂ ಅಳತೆಗೆ ಸರಿಯಾಗಿ ಉಳಿಯಲೇಬೇಕು. ಏನು ತೆಗೆದೆ, ಯಾಕೆ ತೆಗೆದೆ ಎಂದು ಬರೆದಿಡು. ವರದಿ ಓದುವವರು ಕೇಳಿಯೇ ಕೇಳುತ್ತಾರೆ.

ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ಇರುವುದಿಲ್ಲ. ಮಿಲಿಮೀಟರಿನಲ್ಲಿ ಬಂದ ಕಟ್ಟಡ ಓಪನ್‌ಫೋಮ್‌ನಲ್ಲಿ ಸಾವಿರ ಪಟ್ಟು ದೊಡ್ಡದಾಗಿ ನಿಲ್ಲುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು. ಬೀಳದಿರುವುದು ಮೇಲ್ಮೈಯ ಸಣ್ಣ ತೂತು. ಒರಟು ಮೆಶ್‌ನಲ್ಲಿ ಸೆಲ್‌ಗಿಂತ ಸಣ್ಣ ತೂತು ಮುಚ್ಚಿಹೋಗಿ ಎಲ್ಲ ಸರಿಯಿದೆ ಅನಿಸುತ್ತದೆ. ಸೆಲ್ ಸಣ್ಣದು ಮಾಡುತ್ತಿದ್ದಂತೆ ಅದೇ ತೂತಿನಿಂದ ಮೆಶ್ ಕಟ್ಟಡದೊಳಕ್ಕೆ ನುಗ್ಗುತ್ತದೆ. ಹಾಗಾಗಿ ಸರ್ಫೇಸ್‌ಚೆಕ್ ಓಡಿಸದೆ ಮುಂದೆ ಹೋಗಬೇಡ. ಚೂಪು ಅಂಚುಗಳನ್ನೂ ಪ್ರತ್ಯೇಕವಾಗಿ ಗುರುತಿಸಿ ಕೊಡು. ಗಾಳಿ ಗೋಡೆಯನ್ನು ಬಿಟ್ಟು ಚಿಮ್ಮುವುದು ಆ ಅಂಚಿನಲ್ಲೇ. ಮೆಶ್‌ನಲ್ಲಿ ಅಂಚು ಮೊಂಡಾದರೆ ಅದರ ಹಿಂದಿನ ಸುಳಿಯೂ ಸುಳ್ಳಾಗುತ್ತದೆ.

ಇನ್ನು ಲೆಕ್ಕ. ಯುರೋಪಿನ ಕಾಸ್ಟ್ 732 ತಂಡದ 2007ರ ಮಾರ್ಗದರ್ಶಿಯ ಪ್ರಕಾರ ಕಟ್ಟಡದ ಮುಂದೆ, ಪಕ್ಕಗಳಲ್ಲಿ, ಮೇಲೆ ಅದರ ಎತ್ತರದ 5 ಪಟ್ಟು ಜಾಗ ಬಿಡಬೇಕು, ಹಿಂದೆ 15 ಪಟ್ಟು. ಎಲ್ಲ ಬದಿಯೂ 20 ಮೀಟರ್ ಇರುವ ಕಟ್ಟಡ ಎಂದುಕೋ. ಲೆಕ್ಕಕ್ಕೆ ಸಿಗುವ ಒಟ್ಟು ಜಾಗ, ಅಂದರೆ ಡೊಮೇನ್, 420 ಮೀಟರ್ ಉದ್ದ, 220 ಅಗಲ, 120 ಎತ್ತರ. ಅಷ್ಟನ್ನೂ ಅರ್ಧ ಮೀಟರ್ ಸೆಲ್‌ನಿಂದ ತುಂಬಿದರೆ ಸುಮಾರು 8.9 ಕೋಟಿ ಸೆಲ್. 4 ಮೀಟರ್ ಸೆಲ್‌ನಲ್ಲಿ ಹಿನ್ನೆಲೆ ಮೆಶ್ ಹಾಕಿದರೆ ಬರೀ 1.73 ಲಕ್ಷ, ಕಟ್ಟಡದ ಸುತ್ತ ಮಾತ್ರ ಮೂರು ಹಂತ ಅರ್ಧಿಸಿದರೆ ಅಲ್ಲಿ ಅದೇ ಅರ್ಧ ಮೀಟರ್ ಸಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ 2008ರ ಮಾರ್ಗದರ್ಶಿಯನ್ನೂ ಮೇಜಿನ ಮೇಲಿಟ್ಟುಕೋ. ಕಟ್ಟಡದ ಬದಿಗೆ ಕನಿಷ್ಠ 10 ಸೆಲ್ ಬೇಕು. ಪಾದಚಾರಿಯ ಎತ್ತರ ನೆಲದಿಂದ ಮೂರನೆಯ ಸೆಲ್‌ಗೋ ಅದಕ್ಕೂ ಮೇಲಿನದಕ್ಕೋ ಬರಬೇಕು. ಇಲ್ಲೊಂದು ಇಕ್ಕಟ್ಟಿದೆ. ಅರ್ಧ ಮೀಟರ್ ಸೆಲ್‌ನಲ್ಲಿ ಮೊದಲ ಸೆಲ್‌ನ ನಡು ನೆಲದಿಂದ 0.25 ಮೀಟರ್ ಮೇಲಿರುತ್ತದೆ. ಹುಲ್ಲು ಬಯಲಿನ ಏರೋಡೈನಾಮಿಕ್ ಒರಟುತನ 0.03 ಮೀಟರ್. ನೆಲದ ಪಕ್ಕದ ಗಾಳಿಯನ್ನು ಲೆಕ್ಕಹಾಕಲು ಮರಳುಕಣದ ಒರಟುತನವನ್ನು ಕೇಳುವ ವಾಲ್ ಫಂಕ್ಷನ್‌ಗೆ ಅದು ಸುಮಾರು 20 ಪಟ್ಟು, ಅಂದರೆ 0.6 ಮೀಟರ್ ಆಗುತ್ತದೆ. ಮೊದಲ ಸೆಲ್‌ನ ನಡು ಅದಕ್ಕಿಂತ ಮೇಲಿರಬೇಕು. ಎರಡೂ ಒಟ್ಟಿಗೆ ಕೂಡಿಬರುವುದಿಲ್ಲ. ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2007ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಏರೋಡೈನಾಮಿಕ್ ಒರಟುತನವನ್ನೇ ನೇರವಾಗಿ ತೆಗೆದುಕೊಳ್ಳುವ ವಾಲ್ ಫಂಕ್ಷನ್ ಓಪನ್‌ಫೋಮ್‌ನಲ್ಲಿದೆ, ಅದನ್ನು ಬಳಸು. ಕಟ್ಟಡವಿಲ್ಲದ ಖಾಲಿ ಡೊಮೇನ್‌ನಲ್ಲಿ ಒಮ್ಮೆ ಓಡಿಸಿ, ಒಳಬಂದ ಗಾಳಿಯ ವೇಗ ಕಟ್ಟಡದ ಜಾಗ ತಲುಪುವ ಹೊತ್ತಿಗೆ ಬದಲಾಗಿದೆಯೇ ನೋಡು. ಈ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಚೆಕ್‌ಮೆಶ್ ಕೊನೆಯಲ್ಲಿ ‘ಮೆಶ್ ಓಕೆ’ ಎಂದರೆ ಸೆಲ್‌ಗಳು ತೀರಾ ವಕ್ರವಾಗಿಲ್ಲ ಎಂದಷ್ಟೇ ಅರ್ಥ. ಉತ್ತರ ಸರಿಯೆಂದಲ್ಲ. ಅದಕ್ಕೆ ಮೂರು ಮೆಶ್ ಬೇಕು, ಪ್ರತಿ ದಿಕ್ಕಿನಲ್ಲೂ 1.5 ಪಟ್ಟು ಸೂಕ್ಷ್ಮವಾಗುತ್ತ ಹೋಗುವಂಥವು. ಪ್ರತಿ ಸಲ ಸೆಲ್ ಸಂಖ್ಯೆ ಸುಮಾರು 3.4 ಪಟ್ಟು ಏರುತ್ತದೆ. ಮ್ಯಾನೇಜರ್ ಗೊಣಗಬಹುದು, ಗೊಣಗಲಿ.

ಮೆಶ್ ಎಲ್ಲದಕ್ಕೂ ಮದ್ದಲ್ಲ ಎಂಬುದೂ ಗೊತ್ತಿರಲಿ. ಇಂಗ್ಲೆಂಡಿನ ಸಿಲ್ಸೋದಲ್ಲಿ ಬಯಲಿನ ಮಧ್ಯೆ 6 ಮೀಟರಿನ ಘನವೊಂದನ್ನು ಕಟ್ಟಿ, ನಿಜವಾದ ಗಾಳಿಯ ಒತ್ತಡವನ್ನು ಅಳೆದರು. ರಿಚರ್ಡ್ಸ್, ಹಾಕ್ಸಿ ಮತ್ತು ಶಾರ್ಟ್ 2001ರಲ್ಲಿ ಆ ಅಳತೆಗಳನ್ನು ಪ್ರಕಟಿಸಿದರು. ಸಾಮಾನ್ಯ ಕೆ-ಎಪ್ಸಿಲಾನ್ ಮಾದರಿ ಇಂಥ ಘನದ ಮುಂದಂಚಿನಲ್ಲಿ ಪ್ರಕ್ಷುಬ್ಧತೆಯನ್ನು ಅತಿಯಾಗಿ ತೋರಿಸಿ, ಛಾವಣಿಯ ಮೇಲಿನ ಸುಳಿಯನ್ನು ತಪ್ಪಾಗಿ ಹೇಳುತ್ತದೆ. ಎಷ್ಟೇ ಸಣ್ಣ ಸೆಲ್ ಹಾಕು, ಅದು ಸರಿಹೋಗದು. ನಿನ್ನ ಅಪಾರ್ಟ್‌ಮೆಂಟ್ ಪ್ರಾಜೆಕ್ಟಿಗೆ ಕೈಹಾಕುವ ಮೊದಲು ಈ ಘನವನ್ನು ಮಾಡಿ, ನಿನ್ನ ಅಂಕಿಗಳನ್ನು ಅವರು ಅಳೆದ ಅಂಕಿಗಳ ಪಕ್ಕದಲ್ಲಿಟ್ಟು ನೋಡು.