ಮನೆಯೊಳಗಣ ಮೀನಿನ ತೊಟ್ಟಿ

ಗಾಜಿನ ತೊಟ್ಟಿಯಲ್ಲಿ ಈಜುವ ಮೀನುಗಳನ್ನು ಕಂಡು ಹರ್ಷಿಸದವರು ವಿರಳ. ಆದರೆ ಹೊಸದಾಗಿ ತೊಟ್ಟಿಯನ್ನು ತಂದ ಮನೆಗಳಲ್ಲಿ ಅನೇಕವೇಳೆ ನಡೆಯುವ ಸಂಗತಿಯು ಹರ್ಷಕರವಾದುದಲ್ಲ. ಬೆಳಿಗ್ಗೆ ತೊಟ್ಟಿಯೂ ಮಧ್ಯಾಹ್ನ ನೀರೂ ಸಾಯಂಕಾಲ ಮೀನುಗಳೂ ಬರುವವು; ಎರಡು ಮೂರು ವಾರಗಳೊಳಗಾಗಿ ಆ ಮೀನುಗಳು ಒಂದೊಂದಾಗಿ ಸತ್ತು ತೇಲುವವು. ಆಗ ಮನೆಯವರು ತಮ್ಮ ಕೈಗೆ ಮೀನು ಒಗ್ಗದೆಂದು ಹೇಳಿಕೊಂಡು ತೊಟ್ಟಿಯನ್ನು ಅಟ್ಟಕ್ಕೆ ಏರಿಸುವರು. ಇದು ಕೈಗುಣದ ದೋಷವಲ್ಲ, ತಿಳಿವಳಿಕೆಯ ಕೊರತೆ. ತೊಟ್ಟಿಯ ತಳಕ್ಕೆ ಯಾವುದನ್ನು ಹಾಸತಕ್ಕದ್ದು, ಅದರಲ್ಲಿ ಯಾವ ಮೀನುಗಳನ್ನು ಇರಿಸತಕ್ಕದ್ದು ಎಂಬ ಎರಡು ವಿಷಯಗಳನ್ನು ನಮ್ಮ ವಿದ್ಯಾರ್ಥಿನಿಯರಿಗಾಗಿ ಇಲ್ಲಿ ವಿವರಿಸುವೆವು.

೧. ಈ ವಿದ್ಯೆಯ ಪೂರ್ವಚರಿತ್ರೆ

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಇರಿಸಿ ಪರೀಕ್ಷಿಸುವ ವಿದ್ಯೆಯ ಆರಂಭದಲ್ಲಿ ಇಬ್ಬರು ಸ್ತ್ರೀಯರ ಹೆಸರುಗಳಿವೆ ಎಂಬುದನ್ನು ನಮ್ಮ ಹುಡುಗಿಯರು ಮರೆಯಕೂಡದು. ಜಾನ್ ವಿಲ್‌ಪ್ರೋ ಪವರ್ ಎಂಬ ಫ್ರೆಂಚ್ ಮಹಿಳೆಯು ೧೮೩೨ರಲ್ಲಿ ಸಿಸಿಲಿ ದ್ವೀಪದಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಆರ್ಗೊನಾಟ್ ಎಂಬ ಸಮುದ್ರಜೀವಿಯು ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುವುದೆಂದು ಸ್ಥಾಪಿಸಿದಳು. ಇಂಗ್ಲೆಂಡಿನ ಪಾದ್ರಿಯೊಬ್ಬರ ಪತ್ನಿಯಾದ ಆನ್ನಾ ಥಿನ್ ಎಂಬಾಕೆಯು ೧೮೪೬ರಲ್ಲಿ ಹವಳದ ಜಾತಿಯ ಜೀವಿಗಳನ್ನು ಲಂಡನ್ ನಗರಕ್ಕೆ ತಂದು, ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯಿಸಿ ಗಾಳಿಯಾಡಿಸುತ್ತ ಅವುಗಳನ್ನು ಬದುಕಿಸಿದಳು. ತರುವಾಯ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಎರಡು ಚಿನ್ನದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಕೊಳೆತ ಎಲೆಗಳನ್ನು ತಿನ್ನುವ ಬಸವನಹುಳುಗಳನ್ನೂ ಒಂದೇ ಪಾತ್ರೆಯಲ್ಲಿರಿಸಿ, ಇವು ಪರಸ್ಪರ ಉಪಕಾರದಿಂದ ಬಾಳುವುದನ್ನು ೧೮೫೦ರಲ್ಲಿ ಪ್ರಕಟಿಸಿದನು. ಮೀನು ಹೊರಬಿಡುವ ಅಂಗಾರಾಮ್ಲ ವಾಯುವನ್ನು ಸಸ್ಯವು ಬೆಳಕಿನಲ್ಲಿ ಹೀರಿ, ಮೀನಿಗೆ ಬೇಕಾದ ಪ್ರಾಣವಾಯುವನ್ನು ಕೊಡುವುದು.

೨. ನೀರಿನಲ್ಲಿ ಕಾಣದೆ ನಡೆಯುವ ಕೆಲಸ

ಮೀನಿನ ಕಿವಿರುಗಳಿಂದಲೂ ಅದರ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷವು ಹುಟ್ಟುವುದು. ಹೊಳೆಯಲ್ಲಿ ಅದು ಹರಿದುಹೋಗುವುದು. ತೊಟ್ಟಿಯಲ್ಲಿಯಾದರೋ ಅಲ್ಲಿಯೇ ನಿಲ್ಲುವುದು. ಇದನ್ನು ಪರಿಹರಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುವವು. ಇದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವವು. ಇದು ಬಹಳ ಸೌಮ್ಯವಾದುದು, ಸಸ್ಯಗಳಿಗೆ ಗೊಬ್ಬರವಾಗುವುದು, ಮಿಕ್ಕುದು ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು ಬದಲಾಯಿಸುವುದರಿಂದ ಹೊರಟುಹೋಗುವುದು.

ಈ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ಸಾಕಷ್ಟಿರುವುದಿಲ್ಲ. ಅವು ತಳದ ಕಲ್ಲುಗಳಿಗೂ ಶೋಧಕದ ಸ್ಪಂಜಿಗೂ ಅಂಟಿಕೊಂಡು ವೃದ್ಧಿಯಾಗುವುದಕ್ಕೆ ಸಾಮಾನ್ಯವಾಗಿ ೪ರಿಂದ ೬ ವಾರಗಳು ಬೇಕು. ಮೊದಲಿನ ದಿನವೇ ಬಿಟ್ಟ ಮೀನುಗಳು ಸಾಯುವ ಕಾರಣವು ಇದೇ. ಆದಕಾರಣ ತೊಟ್ಟಿಗೆ ನೀರನ್ನೂ ಸಸ್ಯಗಳನ್ನೂ ಹಾಕಿ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಮಾತ್ರ ಉದುರಿಸುತ್ತ ಕಾದಿರಬೇಕು. ಆ ಆಹಾರವು ಕೊಳೆತು ಸೂಕ್ಷ್ಮಜೀವಿಗಳಿಗೆ ಅನ್ನವಾಗುವುದು. ಆರೋಗ್ಯವಾದ ಹಳೆಯ ತೊಟ್ಟಿಯಿಂದ ಒಂದು ಹಿಡಿ ಕಲ್ಲನ್ನು ತಂದು ಹಾಕಿದರೆ ಈ ಕಾರ್ಯವು ಶೀಘ್ರವಾಗುವುದು. ಅಂಗಡಿಯಲ್ಲಿ ದೊರೆಯುವ ಪರೀಕ್ಷಾದ್ರವದಿಂದ ಅಮೋನಿಯಾವೂ ನೈಟ್ರೈಟೂ ಶೂನ್ಯವೆಂದು ಕಂಡ ಮೇಲೆಯೇ ಮೀನುಗಳನ್ನು ತರತಕ್ಕದ್ದು.

೩. ತಳದ ಹಾಸು

ಹಾಸು ಕೇವಲ ಅಲಂಕಾರವಲ್ಲ. ಅದು ಮೇಲೆ ಹೇಳಿದ ಸೂಕ್ಷ್ಮಜೀವಿಗಳ ಮನೆ, ಸಸ್ಯಗಳ ಬೇರಿಗೆ ಆಧಾರ, ಕೆಲವು ಮೀನುಗಳಿಗೆ ಮೇಯುವ ನೆಲ. ಸಾಮಾನ್ಯವಾಗಿ ೨ರಿಂದ ೪ ಮಿಲಿಮೀಟರ್ ಗಾತ್ರದ, ಅಂಚು ಸವೆದು ಉರುಟಾದ ಹೊಳೆಗಲ್ಲು ಉತ್ತಮವು. ಇದಕ್ಕಿಂತ ದಪ್ಪವಾದರೆ ಆಹಾರವು ಸಂದುಗಳಿಗೆ ಬಿದ್ದು ಮೀನಿಗೆ ಎಟುಕದೆ ಕೊಳೆಯುವುದು. ಬಹಳ ನಯವಾದ ಮರಳನ್ನು ದಪ್ಪವಾಗಿ ಹಾಸಿದರೆ ಅದು ಒತ್ತಿಕೊಂಡು ಗಾಳಿಯಿಲ್ಲದಂತಾಗುವುದು. ಆಗ ಅದರೊಳಗೆ ಕಪ್ಪು ಕಲೆಗಳೂ ಕೊಳೆತ ಮೊಟ್ಟೆಯ ದುರ್ಗಂಧವೂ ತೋರುವವು.

ಕಲ್ಲಿನಲ್ಲಿ ಸುಣ್ಣವುಂಟೋ ಇಲ್ಲವೋ ಎಂಬುದನ್ನು ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಒಣಗಿದ ಕಲ್ಲುಗಳ ಮೇಲೆ ಲಿಂಬೆರಸದ ಕೆಲವು ತೊಟ್ಟುಗಳನ್ನು ಬಿಡಿರಿ. ನೊರೆಯೆದ್ದರೆ ಸುಣ್ಣವುಂಟೆಂದು ತಿಳಿಯಿರಿ. ಅಂಥ ಕಲ್ಲೂ ಹವಳದ ಚೂರೂ ಸಮುದ್ರದ ಚಿಪ್ಪೂ ಮೆಲ್ಲಮೆಲ್ಲನೆ ಕರಗಿ ನೀರನ್ನು ಗಡುಸಾಗಿಯೂ ಕ್ಷಾರವಾಗಿಯೂ ಮಾಡುವವು. ಕ್ಷಾರವಾದ ನೀರಿನಲ್ಲಿ ಅಮೋನಿಯಾದ ವಿಷವು ಹೆಚ್ಚು ತೀವ್ರವಾಗುವುದು. ಸಮುದ್ರತೀರದ ಮರಳು ಉಪ್ಪನ್ನೂ ಚಿಪ್ಪಿನ ಪುಡಿಯನ್ನೂ ಕೂಡಿರುವುದರಿಂದ ಸಿಹಿನೀರಿನ ತೊಟ್ಟಿಗೆ ತಕ್ಕದ್ದಲ್ಲ.

೬೦ ಸೆಂಟಿಮೀಟರ್ ಉದ್ದ, ೩೦ ಅಗಲ, ೩೦ ಎತ್ತರದ ತೊಟ್ಟಿಯು ೫೪ ಲೀಟರು ಹಿಡಿಯುವುದು. ಇದಕ್ಕೆ ೫ ಸೆಂಟಿಮೀಟರ್ ದಪ್ಪ ಹಾಸುವುದಕ್ಕೆ ಸುಮಾರು ೧೪ ಕಿಲೋಗ್ರಾಂ ಕಲ್ಲು ಬೇಕು. ಸಾಬೂನನ್ನು ಸೋಕಿಸದೆ, ತಿಳಿನೀರು ಬರುವ ತನಕ ಅದನ್ನು ತೊಳೆದು, ಹಿಂದೆ ಎತ್ತರವಾಗಿಯೂ ಮುಂದೆ ತಗ್ಗಾಗಿಯೂ ಹರಡಿರಿ. ಹಾಸಿನ ಮೇಲೆ ಒಂದು ತಟ್ಟೆಯನ್ನಿಟ್ಟು ನೀರನ್ನು ಅದರ ಮೇಲೆ ಹೊಯ್ದರೆ ನೆಲವು ಕದಡದು. ನಲ್ಲಿಯ ನೀರನ್ನು ಒಂದು ಹಗಲೂ ಒಂದು ರಾತ್ರಿಯೂ ತೆರೆದ ಪಾತ್ರೆಯಲ್ಲಿ ಇರಿಸಿದರೆ ಅದರ ಕ್ಲೋರಿನ್ ಹೊರಟುಹೋಗುವುದು. ಕ್ಲೋರಮಿನ್ ಬೆರಸುವ ಊರುಗಳಲ್ಲಿ ಅದಕ್ಕೆ ತಕ್ಕ ಔಷಧವನ್ನು ಹಾಕಬೇಕು. ತುಂಬಿದ ತೊಟ್ಟಿಯು ಸುಮಾರು ೭೦ ಕಿಲೋಗ್ರಾಂ ಭಾರವಾಗುವುದರಿಂದ ಮೇಜು ಗಟ್ಟಿಯಾಗಿರಲಿ. ಬಿಸಿಲು ನೇರವಾಗಿ ಬೀಳದ ಸ್ಥಳವಾಗಿರಲಿ.

೪. ಮೀನುಗಳ ಆಯ್ಕೆ

ಯಾವ ಮೀನನ್ನು ಸಾಕುವೆವೆಂದು ಮೊದಲು ನಿಶ್ಚಯಿಸಿಕೊಂಡು, ಹಾಸನ್ನು ಆಮೇಲೆ ಆರಿಸುವುದು ಸರಿಯಾದ ಕ್ರಮ. ದಕ್ಷಿಣ ಅಮೇರಿಕಾದ ಕೋರಿಡೋರಾಸ್ ಎಂಬ ಮೀಸೆಯುಳ್ಳ ಮೀನು ನೆಲವನ್ನು ಕೆದಕಿ ತಿನ್ನುವುದು. ಹರಿತವಾದ ಕಲ್ಲಿನ ಮೇಲೆ ಅದರ ಮೀಸೆಗಳು ಗಾಯಗೊಳ್ಳುವವು. ಅದಕ್ಕೆ ನಯವಾದ ಮರಳನ್ನು ತೆಳುವಾಗಿ ಹಾಸತಕ್ಕದ್ದು.

ಆರಂಭಿಸುವವರಿಗೆ ನಮ್ಮ ದೇಶದ ಜೀಬ್ರಾಮೀನು ಬಹು ಯೋಗ್ಯವಾದುದು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನೂ ಕನ್ನಡ ಜಿಲ್ಲೆಯನ್ನೂ ಸಂಚರಿಸಿ ಬರೆದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ, ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಮೇಲೆ, ೧೮೨೨ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದನು. ಇದು ಸುಮಾರು ೪ ಸೆಂಟಿಮೀಟರ್ ಬೆಳೆಯುವುದು, ಗಟ್ಟಿಮುಟ್ಟಾದುದು, ಹಿಂಡಿನಲ್ಲಿ ಬಾಳುವುದು. ಆದುದರಿಂದ ಆರಕ್ಕೆ ಕಡಿಮೆ ಇರಿಸಕೂಡದು. ಗಪ್ಪಿಯು ಗಡುಸು ನೀರನ್ನು ಸಹಿಸುವುದು. ಆದರೆ ಹೆಣ್ಣು ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿಗಳನ್ನು ಈಯುವುದರಿಂದ, ಸ್ಥಳವಿಲ್ಲದವರು ಗಂಡುಗಳನ್ನು ಮಾತ್ರ ಸಾಕುವುದು ಲೇಸು.

ಚಿನ್ನದ ಮೀನನ್ನು ಎಲ್ಲರೂ ಮೊದಲು ಬಯಸುವರು. ಆದರೆ ಸಣ್ಣ ತೊಟ್ಟಿಗೆ ಅದು ಸಲ್ಲದು. ಅದು ಒಂದು ಗೇಣಿನಷ್ಟು ಬೆಳೆಯಬಲ್ಲದು, ಬಹಳ ಮಲಿನ ಮಾಡುವುದು, ತಂಪು ನೀರನ್ನು ಅಪೇಕ್ಷಿಸುವುದು. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡುವುದು. ೩೦ ಡಿಗ್ರಿಯಲ್ಲಿ ಸುಮಾರು ೭.೫ ಮಾತ್ರ. ನಮ್ಮ ಬೇಸಿಗೆಯಲ್ಲಿ, ಬಾಯಿ ಕಿರಿದಾದ ಗುಂಡುಪಾತ್ರೆಯಲ್ಲಿ ಆ ಮೀನು ಮೇಲಕ್ಕೆ ಬಂದು ಬಾಯಿ ತೆರೆಯುವುದು ಆಟವಲ್ಲ. ಉಸಿರಿಗಾಗಿ ಪಡುವ ಸಂಕಟವು.

ನಾಲ್ಕು ಲೀಟರು ನೀರಿಗೆ ಪೂರ್ಣವಾಗಿ ಬೆಳೆದ ಮೀನಿನ ಒಂದು ಅಂಗುಲವೆಂಬುದು ಸಣ್ಣ ಮೀನುಗಳಿಗೆ ಒಪ್ಪುವ ಸ್ಥೂಲವಾದ ಲೆಕ್ಕ. ಹಾಸನ್ನು ಕಳೆದು ೪೪ ಲೀಟರು ನೀರುಳ್ಳ ನಮ್ಮ ತೊಟ್ಟಿಗೆ ಹನ್ನೊಂದು ಅಂಗುಲವಾಯಿತು. ಅಂದರೆ ಆರು ಜೀಬ್ರಾಮೀನುಗಳೇ ಸಾಕು. ಮೊದಲು ಮೂರನ್ನೂ, ಎರಡು ವಾರಗಳ ಮೇಲೆ ಮಿಕ್ಕ ಮೂರನ್ನೂ ಬಿಡಿರಿ. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ಕೊಡಿರಿ.

೫. ನಮ್ಮ ಹೊಣೆ

ಅಂಗಡಿಯಲ್ಲಿರುವುದೆಲ್ಲವೂ ಕೊಳ್ಳತಕ್ಕದ್ದಲ್ಲ. ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಾತ್ರ ಹುಟ್ಟುವ, ಕೆಂಪು ಪಟ್ಟಿಯುಳ್ಳ ಡೆನಿಸನ್ ಮೀನು ಮಿಸ್ ಕೇರಳವೆಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ತೊಟ್ಟಿಗಳಿಗಾಗಿ ಅದನ್ನು ಮಿತಿಮೀರಿ ಹಿಡಿದದ್ದರಿಂದ ಅದು ಇಂದು ಅಳಿವಿನ ಅಪಾಯವುಳ್ಳ ಜೀವಿಗಳ ಪಟ್ಟಿಯಲ್ಲಿದೆ. ಸಾಕಣೆಯಲ್ಲಿ ಹುಟ್ಟಿದ ಮೀನೋ ತೊರೆಯಿಂದ ಹಿಡಿದುದೋ ಎಂದು ವಿಚಾರಿಸದೆ ಕೊಳ್ಳಬೇಡಿರಿ.

ಹಾಗೆಯೇ, ಸಾಕಲಾರದೆ ಹೋದ ಮೀನನ್ನು ಕೆರೆಗೋ ಹೊಳೆಗೋ ಬಿಡುವುದು ದಯೆಯ ಕಾರ್ಯವಲ್ಲ. ಗಾಜಿನ ಪಾಚಿಯನ್ನು ತಿನ್ನುವುದೆಂದು ಮಾರುವ ದಕ್ಷಿಣ ಅಮೇರಿಕಾದ ಹೀರುಬಾಯಿಯ ಮೀನು ಒಂದಡಿಗೂ ಮೀರಿ ಬೆಳೆಯುವುದು. ಬೇಸತ್ತವರು ಬಿಟ್ಟುಬಿಟ್ಟುದರಿಂದ ಭಾರತದ ಅನೇಕ ಕೆರೆಹೊಳೆಗಳಲ್ಲಿ ಅದು ಹಬ್ಬಿ, ನಾಡಮೀನುಗಳಿಗೂ ಬೆಸ್ತರ ಬಲೆಗಳಿಗೂ ಹಾನಿಯನ್ನುಂಟುಮಾಡಿದೆ. ಅಂಥ ಮೀನನ್ನು ಮಾರಿದವರಿಗೆ ಮರಳಿ ಕೊಡಿರಿ, ಇಲ್ಲವೆ ದೊಡ್ಡ ತೊಟ್ಟಿಯುಳ್ಳವರಿಗೆ ಒಪ್ಪಿಸಿರಿ.

ಸಮುದ್ರದ ಮೀನುಗಳ ಮೇಲಣ ಅಧಿಕಾರವು ಮನುಷ್ಯನಿಗೆ ಕೊಡಲ್ಪಟ್ಟಿತೆಂದು ಆದಿಕಾಂಡದಲ್ಲಿ ಓದುತ್ತೇವೆ. ಅಧಿಕಾರವನ್ನು ಹೊಂದಿದವನು ಲೆಕ್ಕವನ್ನೂ ಒಪ್ಪಿಸಬೇಕಾಗುವುದು. ಹೊಳೆಯಲ್ಲಿರುವ ಮೀನು ನೀರು ಕೆಟ್ಟರೆ ಬೇರೆ ಕಡೆಗೆ ಈಜಿಹೋಗಬಲ್ಲದು. ನಮ್ಮ ತೊಟ್ಟಿಯ ಮೀನಿಗೆ ಹೋಗುವುದಕ್ಕೆ ಸ್ಥಳವಿಲ್ಲ. ಅದರ ನೀರೂ ನೆಲವೂ ಅನ್ನವೂ ನಮ್ಮ ಕೈಯಲ್ಲಿರುವವು. ಇದನ್ನು ನೆನಸಿಕೊಂಡು ಆರು ವಾರಗಳ ತಾಳ್ಮೆಯನ್ನು ಅಭ್ಯಾಸಮಾಡುವ ಹುಡುಗಿಯು ಮೀನು ಸಾಕುವುದನ್ನು ಕಲಿಯುವುದಲ್ಲದೆ, ತನಗೆ ಒಪ್ಪಿಸಲ್ಪಟ್ಟ ಯಾವ ಜೀವವನ್ನಾದರೂ ಕಾಪಾಡುವ ಕ್ರಮವನ್ನೂ ಕಲಿಯುವಳು.